ಅತ್ತೆಯನ್ನು ಮುಟ್ಟಿದ ಬೆಳಿಗ್ಗೆ

ನನಗೆ ಮೂಗಿನ ತುದಿಯಲ್ಲೇ ಕೋಪ ಎಂದು ತವರಿನಲ್ಲಿ ಎಲ್ಲರೂ ಹೇಳುತ್ತಿದ್ದರು. ಶುದ್ಧ ಸುಳ್ಳು. ತುದಿಯಲ್ಲಿರುವ ಕೋಪ ಬೇಗ ಉದುರಿಹೋಗುತ್ತದೆ. ನನ್ನದು ಒಳಗಿಳಿದು ಕೂತುಕೊಳ್ಳುವ ಜಾತಿ. ಮಾವನವರು ತೀರಿಕೊಂಡು ಎಷ್ಟೋ ವರ್ಷಗಳಾದವು. ಅವರ ತಿಥಿಯ ದಿನ ವಡೆ ಕರಿಯುತ್ತಾ ನಿಂತಾಗಲೂ ನನಗೆ ರಾಮೇಶ್ವರದ ಆ ಮೂರು ದಿನ ನೆನಪಾಗಿ ಹೊಟ್ಟೆ ಉರಿಯುತ್ತದೆ. ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬಾರದಂತೆ. ಇಟ್ಟುಕೊಂಡಿದ್ದೇನೆ, ಏನೀಗ?

ನಾನು ಮದುವೆಯಾಗಿ ಜಯನಗರದ ಮನೆಗೆ ಬಂದದ್ದು ಐವತ್ತರ ದಶಕ ಮುಗಿಯುವ ಹೊತ್ತಿಗೆ. ಬಡಾವಣೆ ಆಗಿನ್ನೂ ಹೊಸದು. ನಮ್ಮ ಬೀದಿಯಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು, ಆಚೆಗೆ ಬನಶಂಕರಿಯವರೆಗೂ ರಾಗಿ ಹೊಲ. ಮನೆಯಲ್ಲಿ ನಾಲ್ಕೇ ಜನ: ಸರ್ಕಾರಿ ಕಚೇರಿಯಿಂದ ನಿವೃತ್ತರಾಗಿದ್ದ ಮಾವನವರು, ನಮ್ಮ ಯಜಮಾನರು, ನಾನು, ಮತ್ತು ಮಾವನವರ ತಂಗಿ. ನಮ್ಮ ಯಜಮಾನರ ತಾಯಿ ಅವರನ್ನು ಹೆತ್ತ ವರ್ಷವೇ ಹೋಗಿಬಿಟ್ಟಿದ್ದರು. ಆ ಕೂಸನ್ನು ಎತ್ತಿ ಆಡಿಸಿ ಬೆಳೆಸಿದವರು ಈ ತಂಗಿ. ಹಾಗಾಗಿ ನಾನು ಇವರನ್ನೇ ಅತ್ತೆ ಎನ್ನುತ್ತಿದ್ದೆ.

ಅತ್ತೆ ಹದಿನೈದು ತುಂಬುವ ಮೊದಲೇ ವಿಧವೆ. ಬೋಳು ತಲೆ, ಕೆಂಪು ಸೀರೆ. ಬೆಳಗಿನ ಜಾವ ತಣ್ಣೀರಿನಲ್ಲಿ ಸ್ನಾನ ಮಾಡಿ, ಯಾರ ಕೈಯೂ ತಾಗದಂತೆ ಎತ್ತರದ ಗಳುವಿನ ಮೇಲೆ ಒಣಗಿದ ಸೀರೆಯನ್ನು ಕೋಲಿನಿಂದ ಇಳಿಸಿ ಉಟ್ಟರೆ ಅವರು ಮಡಿ. ಅಲ್ಲಿಂದ ಅಡುಗೆ ಮುಗಿದು ಗಂಡಸರ ಊಟವಾಗುವವರೆಗೆ ಅವರನ್ನು ಯಾರೂ ಮುಟ್ಟುವಂತಿಲ್ಲ. ಮುಟ್ಟಿದರೆ ಮೈಲಿಗೆ. ಮತ್ತೆ ಸ್ನಾನ ಆಗಬೇಕು, ಮಾಡಿದ ಅಡುಗೆಯೂ ಕೆಲಸಕ್ಕೆ ಬಾರದು. ಮಾವನವರು ತಂಗಿಯ ಕೈ ಬಿಟ್ಟು ಬೇರೆ ಕೈಯ ಅನ್ನ ತಿಂದವರಲ್ಲ. ನಾನು ಮಡಿಯುಟ್ಟು ಮಾಡಿದರೂ ಬೇಡವಂತೆ. ಹೈಸ್ಕೂಲು ಓದಿಕೊಂಡು ಬಂದವಳ ಮಡಿಯನ್ನು ನಂಬುವುದು ಹೇಗೆ ಎಂದು, ನಾನು ಬಂದ ವಾರದಲ್ಲೇ, ನನ್ನೆದುರಿಗೇ ಹೇಳಿದ್ದರು. ಇನ್ನು ಹೋಟೆಲಿನ ಮಾತೆತ್ತಿದರೆ ಮುಖ ಸಿಂಡರಿಸಿಕೊಳ್ಳುತ್ತಿದ್ದರು.

ಅತ್ತೆಗಿದ್ದದ್ದು ಒಂದೇ ಆಸೆ. ಸಮುದ್ರದಲ್ಲಿ ಒಂದು ಸಲ ಮುಳುಗಿ ಏಳಬೇಕು. ಪುರಾಣ ಹೇಳುವವರ ಬಾಯಲ್ಲಿ ಸೇತುವೆಯ ಕಥೆ ಕೇಳಿ ಕೇಳಿ ಚಿಕ್ಕಂದಿನಲ್ಲೇ ಹತ್ತಿದ ಹುಚ್ಚು. ಮಾವನವರು ಅದನ್ನು ಚೆನ್ನಾಗಿ ಬಳಸಿಕೊಂಡರು. ಮಗು ದೊಡ್ಡದಾಗಲಿ, ರಾಮೇಶ್ವರಕ್ಕೆ ಕರೆದುಕೊಂಡು ಹೋಗುತ್ತೇನೆ ಎಂದರು. ಆಮೇಲೆ ಮನೆ ಕಟ್ಟಿ ಮುಗಿಯಲಿ ಎಂದರು. ಅದೂ ಆದ ಮೇಲೆ ಮಗನ ಮದುವೆಯಾಗಲಿ ಎಂದರು. ಮಕ್ಕಳಿಗೆ ಮಿಠಾಯಿ ತೋರಿಸಿದ ಹಾಗೆ ತೋರಿಸುತ್ತಲೇ ಇಪ್ಪತ್ತೈದು ವರ್ಷ ಬೇಯಿಸಿ ಹಾಕಿಸಿಕೊಂಡರು.

ಕೊನೆಗೆ ಹೊರಟದ್ದೂ ಅತ್ತೆಗೋಸ್ಕರ ಅಲ್ಲ. ಮಾವನವರ ಗೆಳೆಯರೊಬ್ಬರು ಹೋಗಿಬಂದು ಪ್ರಸಾದ ಕೊಟ್ಟರು, ಇವರಿಗೆ ತಡೆಯಲಾಗಲಿಲ್ಲ. ಆದಷ್ಟು ಕಡಿಮೆ ಖರ್ಚಿನಲ್ಲಿ ಆಗಬೇಕು ಎಂದು ಹಟ. ಮೂರನೇ ದರ್ಜೆಯ ರೈಲು, ತಂಗಲು ಛತ್ರ, ಅಕ್ಕಿ ಬೇಳೆ ಪಾತ್ರೆ ಪರಡಿ ಎಲ್ಲ ಮನೆಯಿಂದಲೇ. ಅಡುಗೆಗೆ ಹೇಗೂ ತಂಗಿ ಇದ್ದಾಳಲ್ಲ ಎಂದು ಅವರು ನಮ್ಮ ಯಜಮಾನರಿಗೆ ಹೇಳುತ್ತಿದ್ದುದನ್ನು ನಾನು ಕೇಳಿಸಿಕೊಂಡೆ. ಅತ್ತೆಗೆ ಹೇಳಲಿಲ್ಲ. ಅವರು ಆಗಲೇ ಎರಡು ಸೀರೆ ಮಡಿಸಿ ಗಂಟು ಕಟ್ಟಿಕೊಂಡು, ಉಪ್ಪುನೀರಿನಲ್ಲಿ ಕಣ್ಣು ಬಿಡಬಹುದಾ ಎಂದು ನನ್ನನ್ನು ಕೇಳುತ್ತಿದ್ದರು. ನಾನೇನು ಸಮುದ್ರ ಕಂಡವಳೇ? ಬಿಡಬಹುದು ಎಂದುಬಿಟ್ಟೆ.

ಸಿದ್ದಾಪುರದ ಜಟಕಾದವನು ನಮ್ಮನ್ನು ಸಾಮಾನಿನ ಸಮೇತ ರೈಲ್ವೆ ಸ್ಟೇಷನ್ನಿಗೆ ಬಿಟ್ಟ. ದಾರಿಯುದ್ದಕ್ಕೂ ಅತ್ತೆ ಬಾಳೆಹಣ್ಣು ಬಿಟ್ಟು ಏನನ್ನೂ ಮುಟ್ಟಲಿಲ್ಲ. ಮೈಲಿಗೆಯಲ್ಲಿ ಊಟವಿಲ್ಲ. ಅವರು ಕಟ್ಟಿಕೊಟ್ಟ ಪುಳಿಯೋಗರೆಯನ್ನು ಮಾತ್ರ ಮಾವನವರು ಅದೇ ಬೋಗಿಯಲ್ಲಿ ಕೂತು ಬಾರಿಸಿದರು. ಪ್ರಯಾಣದಲ್ಲಿ ದೋಷವಿಲ್ಲವಂತೆ. ಗಂಡಸರಿಗೆ ಮಾತ್ರ ಇಲ್ಲವೇನೋ.

ದ್ವೀಪಕ್ಕೆ ಹೋಗುವ ಸೇತುವೆಯ ಮೇಲೆ ರೈಲು ಇರುವೆಯ ಹಾಗೆ ಹರಿಯಿತು. ಎರಡೂ ಕಡೆ ನೀರೇ ನೀರು. ಅತ್ತೆ ಕಿಟಕಿಯ ಸರಳು ಹಿಡಿದುಕೊಂಡು ನೋಡುತ್ತಿದ್ದರು, ಸದ್ದಿಲ್ಲದೆ ಅಳುತ್ತಿದ್ದರು. ನಮ್ಮ ಯಜಮಾನರು ಮುಖ ಆಚೆ ತಿರುಗಿಸಿಕೊಂಡರು.

ಛತ್ರದ ಹಿಂಭಾಗದಲ್ಲಿ ಒಂದು ಕತ್ತಲೆ ಅಡುಗೆಕೋಣೆ, ಅದಕ್ಕೆ ತಾಗಿದಂತೆ ಬಾವಿ. ಅತ್ತೆಯ ರಾಮೇಶ್ವರ ಅಷ್ಟಕ್ಕೇ ಮುಗಿಯಿತು. ಮೊದಲ ದಿನ ನಾವು ಮೂವರೂ ಸಮುದ್ರಕ್ಕೆ ಹೋಗಿ ಮುಳುಗಿ, ದೇವಸ್ಥಾನದೊಳಗಿನ ತೀರ್ಥದ ಬಾವಿಗಳಲ್ಲಿ ನೀರು ಹೊಯ್ಯಿಸಿಕೊಂಡು, ದರ್ಶನ ಮಾಡಿ ಬಂದೆವು. ಅತ್ತೆ ಹಸಿ ಸೌದೆಯ ಹೊಗೆಯಲ್ಲಿ ಕಣ್ಣೊರೆಸಿಕೊಳ್ಳುತ್ತಾ ಹುಳಿ ಕುದಿಸುತ್ತಿದ್ದರು. ಕಿಟಕಿಯಾಚೆ ತೆಂಗಿನ ಮರ, ಬಿಳಿ ಮರಳು. ನಾಲ್ಕು ಹೆಜ್ಜೆ ಇಟ್ಟರೆ ಸಮುದ್ರ. ನಾಳೆ ನೋಡೋಣ ಎಂದು ಮಾವನವರು ಎಲೆಯ ಮುಂದೆ ಕೂತರು. ಆ ಊಟ ಮುಗಿದರೆ ರಾತ್ರಿಯ ಅಡುಗೆ, ಸಂಜೆಗೂ ಅತ್ತೆಗೆ ಬಿಡುವಿಲ್ಲ.

ಎರಡನೆಯ ದಿನವೂ ಅದೇ ರಾಗ. ನಾನು ಒಲೆ ನೋಡಿಕೊಳ್ಳುತ್ತೇನೆ, ಅತ್ತೆ ಹೋಗಿಬರಲಿ ಎಂದೆ. ನನ್ನ ಕೈಯ ಅಡುಗೆ ಆಗುವುದಿಲ್ಲವಲ್ಲ! ಮಾವನವರು ನನ್ನ ಮಾತು ಕೇಳಿಸಲೇ ಇಲ್ಲವೆಂಬಂತೆ ಹೋದರು. ಬರುವಾಗ ಒಂದು ತಂಬಿಗೆ ತುಂಬ ಸಮುದ್ರದ ನೀರು ತಂದು ಅಡುಗೆಕೋಣೆಯ ಹೊಸ್ತಿಲಲ್ಲಿಟ್ಟರು.

"ಗುಂಪಿನಲ್ಲಿ ಅವರಿವರನ್ನ ಮುಟ್ಕೊಂಡು ಬಂದ್ರೆ ಮತ್ತೆ ಸ್ನಾನ ಮಾಡ್ಬೇಕು. ಆಮೇಲೆ ಅಡುಗೆ ಯಾವಾಗ? ಸಮುದ್ರಾನೇ ತಂದಿದೀನಿ, ತಲೆ ಮೇಲೆ ಹಾಕ್ಕೋ."

ಅತ್ತೆ ತಂಬಿಗೆ ಎತ್ತಿಕೊಂಡರು. ಹಿತ್ತಲಿಗೆ ಹೋಗಿ ಪೂರ್ವಕ್ಕೆ ಮುಖ ಮಾಡಿ ತಂಬಿಗೆಯನ್ನು ತಲೆಯ ಮೇಲೆ ಬಗ್ಗಿಸಿಕೊಂಡರು. ತುಟಿಗೆ ಇಳಿದ ನೀರನ್ನು ನಾಲಿಗೆಯಿಂದ ನೋಡಿ, ನಿಜವಾಗಿಯೂ ಉಪ್ಪೇ ಕಣೇ ಎಂದು ನನ್ನ ಕಡೆ ನೋಡಿ ನಕ್ಕರು. ಅವರು ಅತ್ತಿದ್ದರೆ ನಾನು ಸಮಾಧಾನ ಹೇಳಿ ಸುಮ್ಮನಾಗುತ್ತಿದ್ದೆನೇನೋ. ಆ ನಗು ಕಂಡು ಅಡಿಯಿಂದ ಮುಡಿಯವರೆಗೂ ಉರಿದುಹೋಯಿತು. ಈ ಮುದುಕನಿಗೆ ನೀರು ಕುಡಿಸದಿದ್ದರೆ ನಾನು ನಮ್ಮಪ್ಪನ ಮಗಳೇ ಅಲ್ಲ ಎಂದುಕೊಂಡೆ.

ಮೂರನೆಯ ದಿನ ಮಧ್ಯಾಹ್ನಕ್ಕೆ ರೈಲು. ಊಟವೂ ಆಗಬೇಕು, ದಾರಿಗೂ ಕಟ್ಟಬೇಕು. ತಂದ ಅಕ್ಕಿಯನ್ನೆಲ್ಲ ಅತ್ತೆ ಅಂದೇ ಬೇಯಿಸಿದರು. ಗಂಡಸರು ಸ್ನಾನ, ದರ್ಶನ ಮುಗಿಸಿ ಬಂದು ಎಲೆಯ ಮುಂದೆ ಕೂತರು. ಮಾವನವರು ಬಲ ಅಂಗೈಯಲ್ಲಿ ಆಪೋಶನದ ನೀರು ಹಿಡಿದು ಅನ್ನ ಬೀಳುವುದನ್ನೇ ಕಾಯುತ್ತಿದ್ದರು. ಅತ್ತೆ ಅನ್ನದ ಪಾತ್ರೆಯ ಹತ್ತಿರ ಬಗ್ಗಿದರು. ರಾತ್ರಿ ಹಾಸಿಗೆಯಲ್ಲಿ ಉಟ್ಟಿದ್ದ ಸೀರೆಯಲ್ಲೇ ನಾನು ಒಳಗೆ ನಡೆದುಹೋಗಿ, ಎರಡೂ ಕೈಯಿಂದ ಅತ್ತೆಯನ್ನು ಬಿಗಿಯಾಗಿ ತಬ್ಬಿಕೊಂಡೆ.

ಅತ್ತೆಯ ಮೈ ಸೌದೆಯ ಹಾಗೆ ಸೆಟೆದುಕೊಂಡಿತು. ಸ್ವಲ್ಪ ಹೊತ್ತಿಗೆ ಸಡಿಲವಾಯಿತು. ಮಾವನವರ ಅಂಗೈಯ ನೀರು ಬೆರಳ ಸಂದಿನಿಂದ ಸೋರಿಹೋಗಿತ್ತು.

"ಏನ್ ಮಾಡಿದೆ ಗೊತ್ತಾ?" ಎಂದರು.

"ಮುಟ್ಟಿದೆ."

"ಬೇಕಂತಲೇ?"

"ಬೇಕಂತಲೇ."

ಅವರು ತಂಗಿಯ ಕಡೆ ತಿರುಗಿದರು. ಬೇಗ ಬಾವಿಯ ಹತ್ತಿರ ಸ್ನಾನ ಮಾಡಿ, ಎಲ್ಲಿಂದಲಾದರೂ ಅಕ್ಕಿ ತರಿಸಿ ಮತ್ತೆ ಒಲೆ ಹಚ್ಚು ಎಂದು ತಂಗಿಗೆ ಹೇಳಿದರು. ನಾನು ಅತ್ತೆಯ ಕೈ ಬಿಟ್ಟಿರಲಿಲ್ಲ.

"ಹೇಗಿದ್ರೂ ಸ್ನಾನ ಮಾಡ್ಲೇಬೇಕಲ್ಲ ಅತ್ತೆ. ಬಾವಿ ಆದ್ರೇನು, ಸಮುದ್ರ ಆದ್ರೇನು? ಬನ್ನಿ."

ಅತ್ತೆ ಅಣ್ಣನನ್ನು ನೋಡಿದರು, ಒಲೆಯನ್ನು ನೋಡಿದರು. ಆಮೇಲೆ ನನ್ನ ಜೊತೆ ಹೊರಟರು. ಬಾಗಿಲಲ್ಲಿ ಕೈಚಾಚಿ ಕೂತಿದ್ದವರಿಗೆ ಅನ್ನವನ್ನೆಲ್ಲ ಬಡಿಸಿಬಿಡಲು ಛತ್ರದವರಿಗೆ ಹೇಳಿದೆ. ಅವರಾದರೂ ಹೊಟ್ಟೆ ತುಂಬ ಉಂಡಿರಬೇಕು.

ಅಲ್ಲಿಯ ಸಮುದ್ರದಲ್ಲಿ ಅಬ್ಬರವಿಲ್ಲ. ಕೆರೆಯ ಹಾಗೆ ತಣ್ಣಗಿರುತ್ತದೆ. ಅತ್ತೆ ಸೀರೆಯ ಸಮೇತ ಕುತ್ತಿಗೆಯವರೆಗೆ ಇಳಿದರು. ಮುಳುಗಿದರು, ಎದ್ದರು, ಮತ್ತೆ ಮುಳುಗಿದರು. ನೀರಿನೊಳಗೆ ಕಣ್ಣು ಬಿಟ್ಟು ಉರಿ ತಾಳಲಾರದೆ ನನ್ನನ್ನು ಬೈದರು. ಜನ ನೋಡುತ್ತಿದ್ದರು, ನೋಡಲಿ. ದಡಕ್ಕೆ ಬಂದು ಮರಳಿನಲ್ಲಿ ಕೂತಾಗ ಅತ್ತೆ ನನ್ನ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡರು.

"ನಿನ್ ಗಂಡ ಸ್ಕೂಲಿಗೆ ಹೋಗಕ್ಕೆ ಶುರು ಮಾಡಿದ್ಮೇಲೆ ನನ್ನನ್ನ ಯಾರೂ ತಬ್ಕೊಂಡಿರ್ಲಿಲ್ಲ ಕಣೇ."

ಸೇಡಿಗೆಂದು ಮುಟ್ಟಿದವಳು ನಾನು. ಆದರೂ ಹೇಳುತ್ತೇನೆ, ಸಿಟ್ಟು ಆ ಮಾತು ಕೇಳಿ ಇಳಿಯಲಿಲ್ಲ, ಇಮ್ಮಡಿಯಾಯಿತು.

ಛತ್ರಕ್ಕೆ ವಾಪಸು ಬರುವ ಬೀದಿಯಲ್ಲಿ ಒಂದು ಹೋಟೆಲು. ಒಳಗೆ ಗೋಡೆಯ ಕಡೆ ಮುಖ ಮಾಡಿಕೊಂಡು ಇಬ್ಬರು ಇಡ್ಲಿ ತಿನ್ನುತ್ತಿದ್ದರು. ಒಂದು ಬೆನ್ನು ನಮ್ಮ ಯಜಮಾನರದು. ಇನ್ನೊಂದನ್ನು ನಾನು ಎಲ್ಲಿದ್ದರೂ ಗುರುತಿಸುತ್ತೇನೆ. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಒದ್ದೆ ಸೀರೆಯಲ್ಲೇ ಮೆಟ್ಟಿಲು ಹತ್ತಿ ಅವರ ಪಕ್ಕದಲ್ಲಿ ನಿಂತರು. ಮಾವನವರು ಕತ್ತೆತ್ತಿ, ಹಸಿವು ತಡೆಯೋಕಾಗಲಿಲ್ಲ, ಬೇರೆ ದಾರಿ ಇರಲಿಲ್ಲ ಎಂದರು.

"ನಿನಗೆ ಹೋಟ್ಲು ಆಗತ್ತೆ ಅಂತ ನನಗೆ ಗೊತ್ತೇ ಇರ್ಲಿಲ್ಲ ಅಣ್ಣ," ಎಂದರು ಅತ್ತೆ. ದನಿ ಏರಿಸಲಿಲ್ಲ. "ಆಗತ್ತೆ ಅಂದ್ಮೇಲೆ ನನ್ನನ್ನ ಇಷ್ಟು ವರ್ಷ ಯಾಕೆ ಬೇಯಿಸ್ದೆ?"

ಮಾವನವರ ಬಾಯಲ್ಲಿ ತುತ್ತು ಹಾಗೇ ಇತ್ತು. ಉಗುಳುವಂತಿಲ್ಲ, ನುಂಗಲು ಆಗುತ್ತಿಲ್ಲ. ನಮ್ಮ ಯಜಮಾನರು ತಟ್ಟೆ ದೂಡಿ ಎದ್ದು, ಚಿಕ್ಕ ಮಗುವಿನ ಹಾಗೆ ಅತ್ತೆಯ ಹಿಂದೆ ಬಂದು ನಿಂತರು. ಅಷ್ಟಾದರೂ ಮಾಡಿದರಲ್ಲ ಎಂದು ನಾನು ಅವರನ್ನು ಅರ್ಧ ಕ್ಷಮಿಸಿದೆ.

ಜಯನಗರಕ್ಕೆ ಬಂದ ಮರುದಿನ ಅತ್ತೆ ಎಂದಿನಂತೆ ಎದ್ದು ಸ್ನಾನ ಮಾಡಿ ಮಡಿಯುಟ್ಟರು. ಸಣ್ಣ ಪಾತ್ರೆಯೊಂದರಲ್ಲಿ ಒಂದು ಹಿಡಿ ಅಕ್ಕಿ ಹಾಕಿದರು. ಹನ್ನೊಂದು ಗಂಟೆಗೆ ಮಾವನವರು ಬಂದು ಮಣೆಯ ಮೇಲೆ ಕೂತರು. ಇದು ನನ್ನೊಬ್ಬಳಿಗೆ ಮಾತ್ರ ಎಂದು ಅತ್ತೆ ಹೇಳಿದರು. ಗಾಂಧಿಬಜಾರ್ ಹೋಟ್ಲು ಏನು ದೂರ ಇಲ್ಲ ಅಣ್ಣ, ನಿಧಾನಕ್ಕೆ ನಡ್ಕೊಂಡು ಹೋಗಬಹುದು ಎಂದರು.

ನಾನು ಅಂದು ಯಜಮಾನರಿಗೂ ನನಗೂ ಎಂದು ಬೇರೆ ಅಡುಗೆ ಮಾಡಿದ್ದೆ. ಮಾವನವರು ಒಂದು ಮಾತು ಕೇಳಿದ್ದರೆ ಬಡಿಸುತ್ತಿದ್ದೆ. ನನ್ನ ಕೈಯ ಅನ್ನ ಆಗುವುದಿಲ್ಲವೆಂದು ಹೇಳಿದ ಬಾಯಿಂದಲೇ ಕೇಳಬೇಕಿತ್ತು. ಕೇಳಲಿಲ್ಲ. ಕೊಡೆ ತೆಗೆದುಕೊಂಡು ಗೇಟು ದಾಟಿದರು. ಕಾಲು ನಡೆಯುವಷ್ಟು ಕಾಲವೂ ದಿನಾ ಆ ಬಿಸಿಲಿನಲ್ಲಿ ಹಾಗೆಯೇ ಹೋಗಿ ಬರುತ್ತಿದ್ದರು. ನಾನು ಕಿಟಕಿಯಲ್ಲಿ ನಿಂತು ನೋಡುತ್ತಿದ್ದೆ. ಅಯ್ಯೋ ಪಾಪ ಎನ್ನಿಸಬೇಕಿತ್ತು. ಒಂದು ದಿನವೂ ಅನ್ನಿಸಲಿಲ್ಲ.