ಕಲೋನಿನ ಕ್ರೇನು, ಅಕ್ಕನ ಮಗ್ಗ

ನಾನು ಜರ್ಮನಿಗೆ ಹೋದವನಲ್ಲ. ಪಕ್ಕದ ಹುಲಕೋಟಿ ದಾಟಿದರೆ ಸಾಕು, ಮನೆಗೆ ಮರಳುವ ಬಸ್ಸಿನ ಚಿಂತೆ ಹತ್ತುವ ನಿವೃತ್ತ ಮಾಸ್ತರ ನಾನು. ಆದರೂ ರೈನ್ ನದಿಯ ದಂಡೆಯ ಕಲೋನ್ ನಗರದ ಬಗ್ಗೆ ಬೆಟಗೇರಿಯಲ್ಲಿ ನನ್ನಷ್ಟು ಮಾತಾಡಿದವರು ಇನ್ನೊಬ್ಬರಿಲ್ಲ. ಎಂಟು ದಿನಕ್ಕೊಮ್ಮೆ ನಳದ ನೀರು ಬರುವ ಓಣಿಯಲ್ಲಿ ಕೂತು ತುಂಬಿದ ನದಿಯ ಬಗ್ಗೆ ಓದುವುದರಲ್ಲಿ ಒಂದು ಸುಖವಿದೆ. ಕೊಡ ಹಿಡಿದು ನಿಂತವರಿಗೆ ಅದನ್ನು ವಿವರಿಸಬಾರದು, ಅಷ್ಟೆ.

ನಾನು ಓದಿದ್ದೆಲ್ಲ ಹಳೆಯ ಪ್ರವಾಸಿಗಳ ಬರಹ. ಒಬ್ಬ ಆ ಊರಿನ ಗಂಟೆಗಳಿಗೆ ಕೈ ಮುಗಿದರೆ, ಇನ್ನೊಬ್ಬ ಗಲ್ಲಿಗಳ ನಾತಕ್ಕೆ ಮೂಗು ಮುಚ್ಚಿಕೊಳ್ಳುತ್ತಾನೆ. ಸುಗಂಧದ ನೀರಿಗೆ ಹೆಸರಾದ ಊರಿಗೂ ಇಂಥ ಕಾಲವಿತ್ತು. ಆದರೆ ಹಲವರು ಮರೆಯದೆ ಬರೆದದ್ದು ಅಲ್ಲಿನ ದೊಡ್ಡ ಚರ್ಚಿನ ಬಗ್ಗೆ. ಅರ್ಧಕ್ಕೆ ನಿಂತ ಗೋಪುರ, ಅದರ ನೆತ್ತಿಯಲ್ಲಿ ಕಲ್ಲು ಎತ್ತುವ ಮರದ ಕ್ರೇನು. ಕಟ್ಟುವವರು ಹೋಗಿ ಎಷ್ಟೋ ತಲೆಮಾರು ಕಳೆದರೂ ಕ್ರೇನು ಅಲ್ಲೇ ಇತ್ತಂತೆ.

ಇದನ್ನು ಅಕ್ಕನಿಗೂ ಹೇಳಿದ್ದೆ. ಭಾವ ತೀರಿಕೊಂಡ ಮೇಲೆ ನನ್ನ ಜೊತೆಗೇ ಇರುವ ಗೌರಕ್ಕ, ನಡುಮನೆಯ ನೆಲದ ಕುಣಿಯಲ್ಲಿ ಕಾಲಿಳಿಸಿ ಕೂತು, ಕುಣಿಮಗ್ಗದಲ್ಲಿ ಸೀರೆ ನೇಯುತ್ತ ನನ್ನ ಪಾಂಡಿತ್ಯವನ್ನು ಸಹಿಸಿಕೊಳ್ಳುತ್ತಿದ್ದಳು. ಎಂಥ ಆಲಸಿ ಜನ ನೋಡು ಎಂದು ನಾನು ನಕ್ಕೆ. ಅವಳು ಲಾಳಿ ನಿಲ್ಲಿಸಿದಳು.

"ಆಲಸಿ ಅಲ್ಲೋ ತಮ್ಮಾ. ಯಂತ್ರ ಇಳಿಸಿಲ್ಲಂದ್ರ ಕೆಲಸ ಬಿಟ್ಟಿಲ್ಲಂತ ಅರ್ಥ. ಯಾರರೆ ಬಂದು ಕಟ್ಟತಾರ."

ನೇಕಾರರ ಮನೆಯ ರೂಢಿಯೇ ಹಾಗೆ. ಸೀರೆ ಮುಗಿದರೂ ಹಾಸಿನ, ಅಂದರೆ ಮಗ್ಗದ ಉದ್ದಕ್ಕೆ ಬಿಗಿದ, ಎಳೆಗಳನ್ನು ಪೂರ್ತಿ ಕತ್ತರಿಸುವುದಿಲ್ಲ, ಒಂದು ಗೇಣು ಮಗ್ಗದಲ್ಲೇ ಉಳಿಸುತ್ತಾರೆ. ಹೊಸ ಹಾಸಿನ ಎಳೆಗಳನ್ನು ಒಂದೊಂದಾಗಿ ಅದಕ್ಕೇ ಕೂಡಿಸುವುದು. ಆ ಗೇಣು ಹೋದರೆ ಸಾವಿರಾರು ಎಳೆಗಳನ್ನು ಮೊದಲಿನಿಂದ ಮಗ್ಗದ ಹಣಿಗೆಯ ಹಲ್ಲುಗಳಲ್ಲಿ ಪೋಣಿಸಬೇಕು.

ಹೋದ ವರ್ಷ ಅಕ್ಕನ ಮೊಣಕಾಲಿನ ಆಪರೇಷನ್ ಆಯಿತು. ಆರೈಕೆಗೆಂದು ಮುಂಡರಗಿಯ ಮಗಳ ಮನೆಗೆ ಹೋಗುವಾಗ, ಗೇಣು ಹಾಸು ಉಳಿಸಿ, ಮಗ್ಗಕ್ಕೆ ಹಳೆಯ ಧೋತರ ಹೊದಿಸಿ ಹೋದಳು. ಈ ಕಾಲಿನಲ್ಲಿ ಇನ್ನು ಕುಣಿಗೆ ಇಳಿಯುವುದೆಲ್ಲಿಂದ ಬಂತು ಎಂದು ನಾನೇ ತೀರ್ಮಾನಿಸಿದೆ. ಅವಳನ್ನು ಒಂದು ಮಾತು ಕೇಳಲಿಲ್ಲ. ಓಡಾಡಲು ಅಡ್ಡ ಎಂದು ಮಗ್ಗ ಬಿಚ್ಚಿಸಿ, ಕುಣಿ ಮುಚ್ಚಿಸಿ, ಅಲ್ಲಿ ನನ್ನ ಪುಸ್ತಕದ ಕಪಾಟು ನಿಲ್ಲಿಸಿದೆ. ನಾಲ್ಕು ತಿಂಗಳಿಗೆ ಅಕ್ಕ ಕೋಲಿಲ್ಲದೆ ನಡೆದು ಬಂದಳು. ಕಪಾಟಿನ ಮುಂದೆ ಸ್ವಲ್ಪ ಹೊತ್ತು ನಿಂತಳು, ಆಮೇಲೆ ಕೈಕಾಲು ತೊಳೆಯಲು ಹೋದಳು. ಬೈದಿದ್ದರೆ ಎಷ್ಟೋ ಚಲೋ ಇತ್ತು.

ಮೊನ್ನೆ, ಅದೇ ಕಪಾಟಿಗೆಂದು ತಂದ ಒಂದು ಹೊಸ ಪುಸ್ತಕದಲ್ಲಿ ಓದಿದೆ. ಆ ಚರ್ಚು ಪೂರ್ತಿಯಾಗಿ ನೂರು ವರ್ಷದ ಮೇಲಾಗಿದೆ. ಹಳೆಯ ನಕ್ಷೆಯನ್ನೇ ಹಿಡಿದು, ನಿಂತಲ್ಲಿಂದಲೇ ಮುಂದಕ್ಕೆ ಕಟ್ಟಿದರಂತೆ. ಊರೆಲ್ಲ ಹೇಳಿಕೊಂಡು ತಿರುಗಿದ ನನಗೆ ಗೊತ್ತಿರಲಿಲ್ಲ. ಒಂದು ಪುಟ ಓದದ ಅಕ್ಕನಿಗೆ ಗೊತ್ತಿತ್ತು. ಅದನ್ನು ಅವಳಿಗೆ ಅಂದೇ ಹೇಳಲು ಧೈರ್ಯ ಬರಲಿಲ್ಲ. ನಿನ್ನೆ, ಜೋಳ ಹಸನು ಮಾಡುತ್ತ ಕೂತಿದ್ದವಳ ಪಕ್ಕ ಕೂತು ಹೇಳಿದೆ. ತಪ್ಪಾಯಿತು ಎಂದೂ ಹೇಳಿದೆ. ಅವಳು ಮೊರದಿಂದ ತಲೆ ಎತ್ತಲಿಲ್ಲ.

"ಅಷ್ಟು ವರ್ಷ ಆ ಯಂತ್ರ ಯಾರಿಗೂ ಅಡ್ಡ ಆಗಲಿಲ್ಲೇನೋ?"

ಇಲ್ಲಕ್ಕ ಎಂದೆ. ಇಷ್ಟೆಲ್ಲ ಓದಿದ್ದಕ್ಕೆ ಅದೊಂದನ್ನಾದರೂ ಸರಿಯಾಗಿ ಹೇಳಬಲ್ಲೆ.