ಸೈಕಲ್ ಇಳಿಯದೆ ಕುಡಿದ ಕಾಫಿ

ಕಾಫಿ ಕುಡಿದು ಹೋಗಿ ಎಂದು ಯಾರಾದರೂ ಉಪಚಾರ ಮಾಡಿದರೆ ನನಗೆ ಈಚೆಗೆ ಮೈ ಉರಿಯುತ್ತದೆ. ಹಾನುಬಾಳಿನ ನಾಲ್ಕು ಎಕರೆ ಕಾಫಿ ತೋಟದಿಂದ ಅನ್ನ ತಿನ್ನುವವಳು ಹೀಗೆ ಹೇಳಬಾರದು, ಗೊತ್ತು. ಆದರೆ ಕಳೆದ ತಿಂಗಳು ಒಂದು ಭಾನುವಾರ ನನಗೆ ಆದದ್ದು ನಿಮಗೆ ಆಗಿದ್ದರೆ ನೀವು ಫಿಲ್ಟರನ್ನೇ ಬಾವಿಗೆ ಎಸೆಯುತ್ತಿದ್ದಿರಿ.

ಅವತ್ತು ನಮ್ಮ ಕಡೆ ಒಂದು ಸೈಕಲ್ ಸವಾಲು ಏರ್ಪಾಡಾಗಿತ್ತು. ಬೆಳಗ್ಗೆ ಆಲೂರಿನಿಂದ ಹೊರಟು, ಸಕಲೇಶಪುರ ಹಾದು, ಮಧ್ಯಾಹ್ನ ಒಂದು ಗಂಟೆಯೊಳಗೆ ಹೆತ್ತೂರು ಮುಟ್ಟಬೇಕು. ಕರಪತ್ರದಲ್ಲಿ ‘ಕುಟುಂಬಸ್ನೇಹಿ’ ಎಂದಿತ್ತು. ‘ಹಿತವಾದ ಏರಿಳಿತದ ಹಸಿರು ದಾರಿ’ ಎಂದೂ ಇತ್ತು. ಅದನ್ನು ಬರೆದವರು ಆ ದಾರಿಯಲ್ಲಿ ಕಾರಿನಲ್ಲಿ ಬಂದಿರಬೇಕು, ಅದೂ ನಿದ್ದೆ ಮಾಡುತ್ತಾ. ಕುಟುಂಬ ವಿಭಾಗಕ್ಕೆ ಒಂದು ನಿಯಮ: ಗಂಡ ಹೆಂಡತಿ ಜೊತೆಯಾಗಿಯೇ ಕೊನೆ ಮುಟ್ಟಬೇಕು, ಆಗಲೇ ಪದಕ. ಐವತ್ತು ದಾಟಿದ ಹೆಂಗಸು ಒಬ್ಬಳೇ ಬರುವುದಕ್ಕೆ ಯಾವ ವಿಭಾಗವೂ ಇರಲಿಲ್ಲ. ಆ ವಯಸ್ಸಿಗೆ ಹೆಂಗಸು ಸಕ್ಕರೆಯ ಹಾಗೆ ಕುಟುಂಬದಲ್ಲಿ ಕರಗಿರುತ್ತಾಳೆ ಎಂದು ಅಂದುಕೊಂಡಿದ್ದರೋ ಏನೋ.

ಆ ಪದಕ ನನಗೆ ಬೇಕಿತ್ತು. ತಗಡಿನದು, ಆದರೂ ಬೇಕಿತ್ತು. ಹೈಸ್ಕೂಲಿಗೆ ನಾನು ಸೈಕಲ್ಲಿನಲ್ಲಿ ಹೋಗುತ್ತಿದ್ದೆ. ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿದ ವಾರವೇ ಅಪ್ಪ ಅದನ್ನು ಡೈರಿಗೆ ಹಾಲು ಹಾಕಿ ಬರಲು ಅಣ್ಣನಿಗೆ ಕೊಟ್ಟುಬಿಟ್ಟರು. ನನ್ನನ್ನು ಒಂದು ಮಾತು ಕೇಳಲಿಲ್ಲ. ಮೂವತ್ತೈದು ವರ್ಷವಾದರೂ ಆ ಸಿಟ್ಟು ಆರಿಲ್ಲ. ಈ ವರ್ಷ ಹಟ ಹಿಡಿದು ಗೇರ್ ಇರುವ ಸೈಕಲ್ ತರಿಸಿ, ಆರು ತಿಂಗಳು ಎಸ್ಟೇಟ್ ರಸ್ತೆಗಳಲ್ಲಿ ತುಳಿದಿದ್ದೆ. ಹೊಟ್ಟೆ ಕರಗೀತೆಂಬ ಆಸೆಯಿಂದ ಯಜಮಾನರೂ ಜೊತೆಗೆ ತುಳಿದಿದ್ದರು.

ಯಜಮಾನರಿಗೆ ಒಳ್ಳೆಯ ಕಾಲಿದೆ, ಒಳ್ಳೆಯ ಉಸಿರಿದೆ. ಬೇಡ ಎನ್ನುವ ನಾಲಿಗೆಯೊಂದು ಇಲ್ಲ. ನಮ್ಮಲ್ಲಿ ನೆಂಟರ ಮನೆ ಮುಂದೆ ಕಾಫಿ ಕುಡಿಯದೆ ಹಾದು ಹೋಗುವುದು ಬೈದು ಹೋದದ್ದಕ್ಕೆ ಸಮ. ನಿಂತು ಕುಡಿದರೂ ತಪ್ಪೇ. ಕೂತು ಕುಡಿಯಬೇಕು. ಕೂತರೆ ತಿಂಡಿ ಬರುತ್ತದೆ, ತಿಂಡಿಯ ಹಿಂದೆ ಊರ ಸುದ್ದಿಯೆಲ್ಲ ಬರುತ್ತದೆ. ಅಂಥ ಮನೆಗಳು ಆ ದಾರಿಯಲ್ಲಿ ನಾಲ್ಕು. ಮಳೆ ನಿಂತಿತ್ತು, ಕಾಫಿ ಹಣ್ಣಿನ ಕೊಯ್ಲು ಇನ್ನೂ ಶುರುವಾಗಿರಲಿಲ್ಲ, ಎಲ್ಲರೂ ಮನೆಯಲ್ಲೇ ಇದ್ದರು. ಸಾಲದ್ದಕ್ಕೆ ಯಜಮಾನರು ಹಿಂದಿನ ದಿನವೇ ನಾಲ್ಕು ಮನೆಗೂ ಫೋನ್ ಮಾಡಿ, ನಾವು ಆ ದಾರಿಯಲ್ಲಿ ಬರುವ ಸುದ್ದಿ ಮುಟ್ಟಿಸಿದ್ದರು.

ಇದು ನನಗೆ ತಿಳಿದದ್ದು ಸಕಲೇಶಪುರ ದಾಟಿದ ಮೇಲೆ, ಅವರ ಚಿಕ್ಕಮ್ಮ ಗೇಟಿನ ಮುಂದೆ ಕೈ ಅಡ್ಡ ಹಿಡಿದು ನಿಂತಾಗ. ಕಡುಬು ಆಗಲೇ ಬೆಂದಿತ್ತು. ನಾನು ಯಜಮಾನರನ್ನು ನುಂಗುವ ಹಾಗೆ ನೋಡಿದೆ.

“ಹೇಳ್ದೆ ಕೇಳ್ದೆ ಬಾಗ್ಲು ಮುಂದೆ ಹೋಗ್ಬುಟ್ರೆ, ನಾಳೆ ಇವ್ರ ಮನೆ ಕಾರ್ಯಕ್ಕೆ ಯಾವ ಮುಖ ಇಟ್ಕಂಡು ಬರಾದು?” ಎಂದರು ಯಜಮಾನರು.

ಅಲ್ಲಿ ಅರ್ಧ ಗಂಟೆ ಹೋಯಿತು. ಎರಡನೆಯದು ಅವರ ದೊಡ್ಡಪ್ಪನ ಮಗನ ಮನೆ. ಅಲ್ಲಿ ಕಾಫಿಯ ಜೊತೆಗೆ ಹಣ್ಣಿನ ಸಿಪ್ಪೆ ಬಿಡಿಸುವ ಹೊಸ ಪಲ್ಪರ್ ಯಂತ್ರವನ್ನೂ ನೋಡಬೇಕಾಯಿತು. ಹಣ್ಣಿಲ್ಲದ ಕಾಲ, ಖಾಲಿ ಯಂತ್ರವನ್ನೇ ತಿರುಗಿಸಿ ತೋರಿಸಿದರು. ಯಜಮಾನರು ಇನ್ನೊಂದು ಸಲ ತಿರುಗಿಸಿ ಎಂದರು. ಮೂರನೆಯದು ನಾದಿನಿಯ ಮನೆ. ಅಲ್ಲಿ ಊಟಕ್ಕೆ ಎಲೆ ಹಾಕುವ ಮಾತು ಬಂದಾಗ ನಾನು ಎದ್ದುಬಿಟ್ಟೆ. ನನ್ನ ಪಾಲಿನದನ್ನೂ ನೀವೇ ಉಣ್ಣಿ ಎಂದು ಯಜಮಾನರಿಗೆ ಹೇಳಿ ಸೈಕಲ್ ಹತ್ತಿದೆ.

ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬಂದೀತೆ ಎಂದು ಹಿರಿಯರು ಕೇಳುತ್ತಾರೆ. ಹಾಗೆ ಕೇಳಿದವರು ಯಾರೂ ಹೆತ್ತೂರಿನ ಏರನ್ನು ಸೈಕಲ್ಲಿನಲ್ಲಿ ಹತ್ತಿದವರಲ್ಲ. ಕೋಪವಿಲ್ಲದೆ ಆ ಏರು ಹತ್ತಲಾಗದು. ತುಳಿಯುತ್ತಾ ನನಗೆ ನಮ್ಮ ಪುರಾಣದ ಮೊದಲ ಕುಟುಂಬಸ್ನೇಹಿ ಸವಾಲು ನೆನಪಾಯಿತು. ಲೋಕ ಸುತ್ತಿ ಬಾ ಎಂದರೆ ಗಣಪತಿ ಅಪ್ಪ ಅಮ್ಮನನ್ನು ಸುತ್ತಿ ಗೆದ್ದ. ನಿಜವಾಗಿ ಲೋಕ ಸುತ್ತಿ ಬಂದ ಸುಬ್ರಹ್ಮಣ್ಯ ಸೋತು, ಮುನಿಸಿಕೊಂಡು ಬೆಟ್ಟ ಸೇರಿದ. ಇಷ್ಟು ವರ್ಷ ಗಣಪತಿಯ ಜಾಣತನಕ್ಕೆ ತಲೆದೂಗಿದವಳು ಅವತ್ತು ಪಕ್ಷ ಬದಲಿಸಿದೆ. ಹೆತ್ತೂರು, ವನಗೂರು ದಾಟಿ ಘಾಟಿ ಇಳಿದರೆ ಅವನ ಕ್ಷೇತ್ರವೇ ಸಿಗುತ್ತದೆ. ನಿನ್ನ ಸಿಟ್ಟು ನ್ಯಾಯವಾದದ್ದು ಮಾರಾಯ ಎಂದು ಇದ್ದಲ್ಲಿಂದಲೇ ಕೈ ಮುಗಿದೆ, ಮನಸ್ಸಿನಲ್ಲೇ. ಕೈ ಬಿಟ್ಟರೆ ಚರಂಡಿ.

ಕೊನೆಯ ಏರಿನ ಬುಡದಲ್ಲಿ ನಾಲ್ಕನೆಯ ಮನೆ. ಅದು ನನ್ನ ಅಣ್ಣನದು. ಹೌದು, ಸೈಕಲ್ ಸಿಕ್ಕಿದ ಅಣ್ಣನೇ. ಗಂಡನ ಕಡೆಯವರನ್ನು ಬೈಯುವುದು ಸುಲಭ. ತವರಿನ ಮುಂದೆ ನನ್ನ ಕೈಯೂ ತಾನಾಗಿ ಬ್ರೇಕ್ ಹಿಡಿಯಿತು. ಅಣ್ಣ ಹ್ಯಾಂಡಲ್ ಹಿಡಿದುಕೊಂಡು, ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ, ಇಳಿ, ಸಾಕು ಎಂದ. ಕಾಫಿ ಲೋಟ ಹಿಡಿದು ಹಿಂದೆಯೇ ಅತ್ತಿಗೆ ಬಂದಳು. ಇಪ್ಪತ್ತು ವರ್ಷ ನನ್ನ ಸೈಕಲ್ಲಿನ ಹಾಲಿನ ಕ್ಯಾನ್ ತೊಳೆದವಳು, ಆ ಸೈಕಲ್ ಒಮ್ಮೆಯೂ ಹತ್ತಿದವಳಲ್ಲ.

“ಇಳೀಬ್ಯಾಡ ಕಣೇ ಸುಶೀಲಾ, ಇಳಿದ್ರೆ ಇವ್ರು ಬಿಡಾಕಿಲ್ಲ,” ಎಂದಳು. “ಅಲ್ಲೇ ಕೂತ್ಕಂಡು ಕುಡಿ. ಸೀಟೂ ಕೂರಾ ಜಾಗನೇ ತಾನೆ?”

ಅಣ್ಣ ಹ್ಯಾಂಡಲ್ ಬಿಟ್ಟ. ನಾನು ನಾಲ್ಕು ಗುಟುಕಿಗೆ ಮುಗಿಸಿ, ಗಡಿಬಿಡಿಯಲ್ಲಿ ಲೋಟವನ್ನು ಮುಂದಿನ ಬುಟ್ಟಿಗೇ ಹಾಕಿಕೊಂಡು ಹೊರಟೆ.

ಹೆತ್ತೂರು ಮುಟ್ಟಿದಾಗ ಒಂದಕ್ಕೆ ಹತ್ತು ನಿಮಿಷವಿತ್ತು. ಸಂಘಟಕರ ಟೀ ಶರ್ಟಿನ ಯುವಕನೊಬ್ಬ ಚಪ್ಪಾಳೆ ತಟ್ಟಿದ. ಆಮೇಲೆ ನನ್ನ ಹಿಂದೆ ರಸ್ತೆ ನೋಡಿ, “ಫ್ಯಾಮಿಲಿ ಎಲ್ಲಿ ಮೇಡಂ?” ಎಂದ. ನಾನು ಲೋಟ ತೆಗೆದು ಅವನ ಮೇಜಿನ ಮೇಲೆ ಕುಕ್ಕಿದೆ. ಅವನಿಗೆ ಅರ್ಥವಾಗಲಿಲ್ಲ. ಸರ್ ಬರದೆ ಪದಕ ಕೊಡುವ ಹಾಗಿಲ್ಲ ಎಂದ. ಇಷ್ಟು ದೂರ ತುಳಿದದ್ದು ಯಾರ ಕಾಲು ಎಂದು ಕೇಳಿದೆ. ಅದಕ್ಕೆ ನಿಯಮದ ಹಾಳೆ ತೋರಿಸಿದ. ಸರ್ ಬಂದದ್ದು ಎರಡೂವರೆಗೆ, ನಾದಿನಿಯ ಜೀಪಿನಲ್ಲಿ, ತೇಗುತ್ತಾ.

ಪದಕ ಸಿಗಲಿಲ್ಲ. ಸಿಟ್ಟೂ ಇಳಿದಿಲ್ಲ. ಯಜಮಾನರಿಗೆ ಆವತ್ತಿನಿಂದ ಮನೆಯಲ್ಲಿ ಕಷಾಯವೇ ಗತಿ.

ನಿನ್ನೆ ಅತ್ತಿಗೆ ಫೋನ್ ಮಾಡಿದ್ದಳು. ಲೋಟ ನಮ್ಮಲ್ಲೇ ಉಳಿದಿದೆ, ಯಾರದಾದರೂ ಜೀಪಿನಲ್ಲಿ ಕಳಿಸುತ್ತೇನೆ ಎಂದೆ.

“ಜೀಪಲ್ಲಿ ಕಳಿಸ್ಬ್ಯಾಡ, ಸೈಕಲ್ಲಲ್ಲೇ ತಗಂಡು ಬಾ,” ಎಂದಳು. ಆಮೇಲೆ ದನಿ ತಗ್ಗಿಸಿ, “ಕಾಫಿ ಒಣಗ್ಸಾ ಕಣ ಇನ್ನೂ ಖಾಲಿ ಐತೆ. ಅಲ್ಲೇ ನಂಗೂ ಕಲಿಸ್ಕೊಡು,” ಎಂದಳು.

ನಾಳೆ ಬೆಳಗ್ಗೆ ಹೊರಡುತ್ತೇನೆ. ದಾರಿಯಲ್ಲಿ ಆ ಮೂರು ಮನೆಗಳೂ ಸಿಗುತ್ತವೆ. ಯಜಮಾನರ ಫೋನು ನನ್ನ ಬುಟ್ಟಿಯಲ್ಲಿದೆ.