ನಿದ್ದೆಗೆ ಹೊರಟ ಇರುವೆಗಳಿಗೆ ನಮ್ಮ ಉಪಚಾರ

ಕಳೆದ ವಾರ ನಮ್ಮ ಮನೆಯಲ್ಲಿ ನಾಲ್ಕು ಸಾವಾದವು. ಸೂತಕ ಹಿಡಿಯಲಿಲ್ಲ. ಸತ್ತದ್ದು ಇರುವೆಗಳು. (ನಗಬೇಡಿ. ಅವತ್ತು ನಮ್ಮಲ್ಲಿ ಯಾರೂ ನಗಲಿಲ್ಲ.)

ಮಗಳು ಮೇಘನಾ ಕಾಲೇಜಿನಲ್ಲಿ ಕೀಟಗಳ ಬಗ್ಗೆ ಓದುತ್ತಾಳೆ. ಜೂನ್‌ನಲ್ಲಿ ಮೊದಲ ಮಳೆ ಬಿದ್ದ ಮರುದಿನ ಅಪಾರ್ಟ್‌ಮೆಂಟಿನ ಟೆರೇಸಿನಿಂದ ಒಂದು ರಾಣಿ ಇರುವೆಯನ್ನು ಗಾಜಿನ ನಳಿಕೆಯಲ್ಲಿ ಹಿಡಿದು ತಂದಳು. ನಳಿಕೆಯ ತಳದಲ್ಲಿ ನೀರು, ಅದಕ್ಕೆ ಹತ್ತಿಯ ಅಡ್ಡ. ಬಾಯಿಗೂ ಹತ್ತಿಯದೇ ಬಾಗಿಲು. ಜನ ನಾಯಿ ಸಾಕುತ್ತಾರೆ, ಬೆಕ್ಕು ಸಾಕುತ್ತಾರೆ. ಇವಳು ಇರುವೆ ಸಾಕಿದಳು. ಏನು ಮಾಡುವುದು? ದೀಪಾವಳಿಯ ಹೊತ್ತಿಗೆ ರಾಣಿಗೆ ಹನ್ನೊಂದು ಮಕ್ಕಳು.

ಡಿಸೆಂಬರ್ ಬಂತು. ರಾಣಿ ಮೊಟ್ಟೆ ಇಡುವುದನ್ನು ನಿಲ್ಲಿಸಿದಳು, ಮಕ್ಕಳೆಲ್ಲ ಅವಳ ಸುತ್ತ ಗುಂಪಾಗಿ ಕೂತವು. ಇನ್ನೆರಡು ತಿಂಗಳು ಇವಕ್ಕೆ ರೆಸ್ಟ್ ಎಂದಳು ಮೇಘನಾ. ಅದಕ್ಕೂ ತಯಾರಿ ಇದೆಯಂತೆ. ಎರಡು ವಾರ ಸಕ್ಕರೆ ನೀರು ಕೊಟ್ಟು ಹೊಟ್ಟೆ ತುಂಬಿಸಿದಳು. ಆಮೇಲೆ ಒಳಗಿನ ಎಂಜಲು ತೆಗೆದು, ಬಾಯಿಗೆ ಹೊಸ ಹತ್ತಿ ಇಟ್ಟು, ಬಿಸಿಲು ತಾಕದ ಗೋಡೆಯ ಕಪಾಟಿನಲ್ಲಿ ಮಲಗಿಸಿದಳು. (ಹೊರದೇಶದವರು ಫ್ರಿಜ್ಜಿನಲ್ಲಿ ಇಡುತ್ತಾರಂತೆ. ನಮ್ಮ ಇರುವೆಗೆ ಪುಣೆಯ ಚಳಿಯೇ ಸಾಕಂತೆ.)

ಅಷ್ಟರಲ್ಲಿ ಅವಳಿಗೆ ಲೋಣಾವಳಾದಲ್ಲಿ ಎಂಟು ದಿನದ ಫೀಲ್ಡ್‌ವರ್ಕ್ ಬಂತು. ಹೊರಡುವಾಗ ಅತ್ತೆ, ಯಜಮಾನರು, ನಾನು, ಮೂವರನ್ನೂ ಕೂಡಿಸಿ ಹೇಳಿದಳು.

"ನೀರಿನ ಕಡೆ ಹತ್ತಿ ಹಸಿ ಅದನೋ ಇಲ್ಲೋ, ಅಷ್ಟ ನೋಡ್ರಿ. ಊಟ ಹಾಕಬ್ಯಾಡ್ರಿ, ಪ್ಲೀಸ್."

"ಎಂಟು ದಿನ ಉಪಾಸೇನವಾ?" ಎಂದರು ನಮ್ಮತ್ತೆ.

"ಉಪಾಸ ಅಲ್ಲ ಅಜ್ಜಿ, ನಿದ್ದಿ."

"ಆತು ಬಿಡು." ಭಾರೀ ಬೇಗ ಒಪ್ಪಿದರು. ನನಗೆ ಆಗಲೇ ಸಂಶಯ.

ನಮ್ಮದು ವಿಜಯಪುರದ ಮನೆತನ. ಹೊಟ್ಟೆ ತುಂಬಿದೆ ಎಂದರೆ ನಂಬುವ ಪದ್ಧತಿ ನಮ್ಮಲ್ಲಿಲ್ಲ. ತಾಟಿಗೆ ಕೈ ಅಡ್ಡ ಹಿಡಿದರೆ ಬೆರಳ ಸಂದಿಯಿಂದಲೇ ತುಪ್ಪ ಬೀಳುತ್ತದೆ. ಪುಣೆಗೆ ಬಂದು ಇಪ್ಪತ್ತೆರಡು ವರ್ಷವಾದರೂ ಈ ಚಟ ಹೋಗಿಲ್ಲ. ಶನಿವಾರ ಕಾಂಪೌಂಡಿನ ಇರುವೆಗಳಿಗೆ ರವೆ-ಸಕ್ಕರೆ ಹಾಕದೆ ಅತ್ತೆ ಚಹಾ ಕುಡಿಯುವುದಿಲ್ಲ.

ಭಾನುವಾರ ಬೆಳಿಗ್ಗೆ ಮೇಘನಾ ವಾಪಸು ಬಂದಳು. ಬ್ಯಾಗ್ ಕೂಡ ಇಳಿಸದೆ ಕಪಾಟು ತೆಗೆದಳು. ನಳಿಕೆಯ ಬಾಯಲ್ಲಿ ಅಂಟು, ಅದರ ಮೇಲೆ ಬಿಳಿ ಬೂಷ್ಟು. ಅಂಟಿನಲ್ಲಿ ಕಾಲು ಸಿಕ್ಕಿಕೊಂಡು ನಾಲ್ಕು ಇರುವೆ ಸತ್ತಿದ್ದವು. ರಾಣಿ ನೀರಿನ ಕಡೆಯ ಹತ್ತಿಗೆ ಒರಗಿದ್ದಳು, ಅಲುಗಾಡುತ್ತಿರಲಿಲ್ಲ.

"ಯಾರು ಹಾಕಿದ್ರಿ?"

ನಾನು ಅತ್ತೆಯವರ ಮುಖ ನೋಡಿದೆ.

"ಬೆಲ್ಲದ ನೀರವಾ. ಒಂದ ಹನಿ. ಹನ್ನೊಂದು ಹಡದಾಕಿ, ಜೀವ ತಡೀಲಿಲ್ಲ."

ಮೇಘನಾ ಲೆನ್ಸ್ ಹಿಡಿದು ನೋಡಿದಳು. "ಬೆಲ್ಲ ಆತು. ಈ ಜೇನು ಯಾರದು?"

ಪೇಪರ್ ಹಿಂದೆ ಅಡಗಿದ್ದ ಯಜಮಾನರು ಕೆಮ್ಮಿದರು. ಚಾಕಣದ ಕಾರ್ಖಾನೆಯಲ್ಲಿ ಕ್ವಾಲಿಟಿ ನೋಡುವ ಮನುಷ್ಯ, ಮನೆಯಲ್ಲಿ ದಿನಾ ರೂಲ್ಸ್ ಹೇಳುವವರು. "ಟೂತ್‌ಪಿಕ್ ತುದೀಲೆ, ಅಷ್ಟ..." ಎಂದರು.

"ಮತ್ತ ಈ ಶೇಂಗಾ ಪುಡಿ?"

ಇಬ್ಬರೂ ನನ್ನ ಕಡೆ ತಿರುಗಿದರು. ಹಾಗಾಗಿ ನಾನೇ ಮಾತಾಡಬೇಕಾಯಿತು. ಶೇಂಗಾ ಉಂಡಿಯ ಒಂದು ಚೂರು, ಎಳ್ಳಿಗಿಂತ ಸಣ್ಣದು. ಉಳಿದಿಬ್ಬರು ರೂಲ್ಸ್ ಪಾಲಿಸುತ್ತಿದ್ದಾರಲ್ಲ, ನಾನೊಬ್ಬಳು ಇಷ್ಟು ಹಾಕಿದರೆ ಏನಾದೀತು ಅಂದುಕೊಂಡಿದ್ದೆ. ಮೂವರೂ ಹಾಗೇ ಅಂದುಕೊಂಡಿದ್ದೆವು.

ಅವಳು ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಹೊಸ ನಳಿಕೆ ತೊಳೆದು, ನೀರು ತುಂಬಿ, ಸಣ್ಣ ಬ್ರಷ್ಷಿನಿಂದ ಉಳಿದ ಏಳನ್ನು ಒಂದೊಂದಾಗಿ ದಾಟಿಸಿದಳು. ಕೊನೆಗೆ ರಾಣಿ. ನನಗೆ ಭಾಳ ನಾಚಿಕೆಯಾಯಿತು, ಯಾರು ಹಾಕಿದ್ರಿ ಎಂದಾಗ ಅತ್ತೆಯವರ ಮುಖ ನೋಡಿದ್ದಕ್ಕೆ ಇನ್ನೂ ಹೆಚ್ಚು.

ಬಹಳ ಹೊತ್ತಿನ ಮೇಲೆ ರಾಣಿಯ ಒಂದು ಮೀಸೆ ಅಲುಗಿತು.

"ಉಳದಾಳ ನಮ್ಮವ್ವ!" ಅತ್ತೆ ಕೈ ಮುಗಿದರು.

ಇದು ಇರುವೆಯ ಮಾತಷ್ಟೇ ಆಗಿದ್ದರೆ ಬರೆಯುತ್ತಿರಲಿಲ್ಲ. ನಾಲ್ಕು ದಿನ ನನ್ನಷ್ಟಕ್ಕೆ ನನ್ನನ್ನು ಬಿಡಿ ಎಂದವರನ್ನು ನಾವು ಎಂದಾದರೂ ಬಿಟ್ಟಿದ್ದೇವೆಯೇ? ಮೇಲಿನ ಮನೆಯ ಜೋಶಿ ಕಾಕುಗೆ ಆಪರೇಷನ್ ಆದಾಗ ಡಾಕ್ಟರು ಮಲಗಿರಿ ಎಂದಿದ್ದರು. ಬಿಲ್ಡಿಂಗಿನವರೆಲ್ಲ ಡಬ್ಬಿ ಒಯ್ದೆವು. (ನಾನು ಎರಡು ಸಲ.) ಪ್ರತಿ ಡಬ್ಬಿಗೂ ಕಾಕುನೇ ಹೊಟ್ಟೆ ಹಿಡಿದುಕೊಂಡು ಎದ್ದು ಬಂದು ಬಾಗಿಲು ತೆಗೆದು, "ಯಾ ನಾ, ಬಸಾ" ಎಂದು ಮರಾಠಿಯಲ್ಲಿ ಒಳಗೆ ಕರೆದು ನಮ್ಮನ್ನು ಕೂಡಿಸಬೇಕಾಯಿತು.

ಈ ಸೋಮವಾರ ಮೇಘನಾ ಮತ್ತೆ ನಾಲ್ಕು ದಿನಕ್ಕೆ ಲೋಣಾವಳಾಕ್ಕೆ ಹೋದಳು. ಹೊರಡುವ ಮುಂಚೆ ಕಪಾಟಿಗೆ ಬೀಗ ಹಾಕಿದಳು. ಕೀಲಿ ಹಿಡಿದು ನಮ್ಮ ಮೂವರ ಮುಖವನ್ನೂ ಒಂದು ಸುತ್ತು ನೋಡಿ, ತನ್ನ ಬ್ಯಾಗಿಗೇ ಹಾಕಿಕೊಂಡಳು.

ನಮ್ಮ ಪ್ರೀತಿಯಿಂದ ಇರುವೆಗಳನ್ನು ಕಾಪಾಡಲು ಅವಳಿಗಾದರೂ ಬೇರೆ ದಾರಿ ಏನಿತ್ತು?